42 ನಿಮಿಷ ಯಾವ ಭೂಮಿಯ ಲೆಕ್ಕ?

ಭೂಮಿಯ ಈ ಬದಿಯಿಂದ ಆ ಬದಿಗೆ ನೇರವಾಗಿ ತೂತು ಕೊರೆದು ಒಂದು ಕಲ್ಲು ಬಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಗೆ ಎರಡು ಉತ್ತರಗಳು ಓಡಾಡುತ್ತಿರುತ್ತವೆ. ಕೇಂದ್ರದಲ್ಲಿ ಗುರುತ್ವ ವಿಪರೀತ, ಕಲ್ಲು ಅಲ್ಲೇ ಅಂಟಿಕೊಂಡು ನಿಲ್ಲುತ್ತದೆ ಅನ್ನುವುದು ಒಂದು. ಇದು ಪೂರ್ತಿ ತಪ್ಪು. 42 ನಿಮಿಷದಲ್ಲಿ ಆ ಕಡೆ ತಲೆ ಎತ್ತುತ್ತದೆ ಅನ್ನುವುದು ಇನ್ನೊಂದು. ಇದರ ಗಣಿತ ಸರಿಯಿದೆ, ಭೂಮಿ ಮಾತ್ರ ಬೇರೆ. ನಮ್ಮ ಭೂಮಿಗೆ ಉತ್ತರ 38 ನಿಮಿಷ. ನನ್ನ ತಕರಾರು ಹೆಚ್ಚಾಗಿ ಈ ಎರಡನೆಯದರ ಮೇಲೆ, ಯಾಕೆಂದರೆ ಅದನ್ನು ಹೇಳುವವರು ಓದಿಕೊಂಡವರು.

ಮೊದಲನೆಯದನ್ನು ಬೇಗ ಮುಗಿಸೋಣ. ಕೇಂದ್ರದಲ್ಲಿ ನಿಮ್ಮ ಸುತ್ತ ಎಲ್ಲ ದಿಕ್ಕಿಗೂ ಅಷ್ಟೇ ದ್ರವ್ಯರಾಶಿ ಇರುತ್ತದೆ. ಎಳೆತಗಳೆಲ್ಲ ಒಂದನ್ನೊಂದು ರದ್ದು ಮಾಡುತ್ತವೆ, ಒಟ್ಟು ಬಲ ಸೊನ್ನೆ. ಆದರೆ ಬಲ ಸೊನ್ನೆಯಾದ ಕಡೆ ವೇಗವೂ ಸೊನ್ನೆ ಆಗಬೇಕಿಲ್ಲ. ಉಯ್ಯಾಲೆ ತೀರಾ ಕೆಳಗೆ ಬಂದಾಗಲೇ ಅದರ ಓಟ ಅತಿ ಹೆಚ್ಚು, ಇಲ್ಲೂ ಅಷ್ಟೇ. ಕಲ್ಲು ಕೇಂದ್ರವನ್ನು ಸೆಕೆಂಡಿಗೆ ಸುಮಾರು 9.9 ಕಿ.ಮೀ. ವೇಗದಲ್ಲಿ ದಾಟಿ ಹೋಗುತ್ತದೆ. ಆಮೇಲೆ ನಿಧಾನವಾಗುತ್ತಾ ಆ ಬದಿಯ ಬಾಯಿಗೆ ಬಂದು, ಅರೆಕ್ಷಣ ನಿಂತು, ಯಾರೂ ಹಿಡಿಯದಿದ್ದರೆ ವಾಪಸ್ ಬೀಳುತ್ತದೆ.

ಈಗ 42ರ ವಿಷಯ. ಇದರ ಮೂಲದಲ್ಲಿರುವುದು 1687ರಲ್ಲಿ ನ್ಯೂಟನ್ ಸಾಧಿಸಿ ತೋರಿಸಿದ ಚಿಪ್ಪಿನ ಪ್ರಮೇಯ. ಟೊಳ್ಳು ಗೋಳದ ಒಳಗಿರುವ ವಸ್ತುವಿನ ಮೇಲೆ ಆ ಗೋಳದ ಒಟ್ಟು ಎಳೆತ ಸೊನ್ನೆ, ಅದು ಒಳಗೆ ಎಲ್ಲೇ ಇರಲಿ. ಹಾಗಾಗಿ ಬೀಳುವ ಕಲ್ಲಿಗೆ ತಾನು ದಾಟಿ ಬಂದ ಪದರಗಳು ಲೆಕ್ಕಕ್ಕಿಲ್ಲ. ತನಗಿಂತ ಕೆಳಗೆ, ಕೇಂದ್ರದ ಸುತ್ತ ಉಳಿದಿರುವ ಗೋಳ ಮಾತ್ರ ಎಳೆಯುತ್ತದೆ. ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಅಂತಿಟ್ಟುಕೊಂಡರೆ ಆ ಗೋಳದ ದ್ರವ್ಯರಾಶಿ ತ್ರಿಜ್ಯದ ಘನದಂತೆ ಇಳಿಯುತ್ತದೆ, ದೂರದ ವರ್ಗದಿಂದ ಭಾಗಿಸಿದಾಗ ಗುರುತ್ವ ಕೇಂದ್ರದಿಂದ ಇರುವ ದೂರಕ್ಕೆ ನೇರ ಅನುಪಾತದಲ್ಲಿ ಉಳಿಯುತ್ತದೆ. ಸ್ಪ್ರಿಂಗಿನ ಲೆಕ್ಕವೂ ಇದೇ. ಉತ್ತರ 42 ನಿಮಿಷ 12 ಸೆಕೆಂಡ್, ಕೇಂದ್ರದಲ್ಲಿ ವೇಗ ಸೆಕೆಂಡಿಗೆ 7.9 ಕಿ.ಮೀ. ಚೆಂದದ ಲೆಕ್ಕ, ಒಂದೇ ಸಾಲಲ್ಲಿ ಮುಗಿಯುತ್ತದೆ. ಪಠ್ಯಪುಸ್ತಕಗಳಿಗೆ ಇಷ್ಟವಾಗಲು ಕಾರಣವೂ ಅದೇ.

ಆದರೆ ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಇಲ್ಲ, ಅದರ ಹತ್ತಿರಕ್ಕೂ ಇಲ್ಲ. ಮೇಲಿನ ತೊಗಟೆ ಘನ ಸೆಂ.ಮೀ.ಗೆ ಸುಮಾರು 2.7 ಗ್ರಾಂ. ನಟ್ಟನಡುವೆ ಸುಮಾರು 13 ಗ್ರಾಂ. ಒಟ್ಟು ಸರಾಸರಿ 5.51. ಸುಮಾರು 2,890 ಕಿ.ಮೀ. ಆಳದಿಂದ ಶುರುವಾಗುವ ಕಬ್ಬಿಣದ ತಿರುಳು ಗಾತ್ರದಲ್ಲಿ ಭೂಮಿಯ 16 ಶೇಕಡಾ ಅಷ್ಟೇ. ತೂಕದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಅಂದಮೇಲೆ ತೊಗಟೆಗೂ ತಿರುಳಿಗೂ ನಡುವಿನ ಮ್ಯಾಂಟಲ್ ಪದರವನ್ನು ಪೂರ್ತಿ ಇಳಿದರೂ ನೀವು ಹಿಂದೆ ಬಿಟ್ಟದ್ದು ಹಗುರ ಸರಕು. ಭಾರದ್ದು ಇನ್ನೂ ಕೆಳಗೇ ಇದೆ, ಅದಕ್ಕೆ ನೀವು ಹತ್ತಿರವಾಗುತ್ತಲೂ ಇದ್ದೀರಿ.

ಪರಿಣಾಮ ಏನು? ಮೇಲ್ಮೈಯಲ್ಲಿ ಗುರುತ್ವ 9.81 (ಏಕಮಾನ ಮೀಟರ್/ಸೆಕೆಂಡ್², ಮುಂದೆ ಬರೀ ಅಂಕಿ ಬರೆಯುತ್ತೇನೆ). ಕೆಳಗಿಳಿದಂತೆ ಅದು ಕಡಿಮೆಯಾಗುವ ಬದಲು ನಿಧಾನಕ್ಕೆ ಏರುತ್ತದೆ, ಮ್ಯಾಂಟಲ್ ಉದ್ದಕ್ಕೂ 10ರ ಆಸುಪಾಸಿನಲ್ಲೇ ಇದ್ದು, ತಿರುಳಿನ ಬಾಗಿಲಲ್ಲಿ 10.68 ಮುಟ್ಟುತ್ತದೆ. ಭೂಮಿಯ ಒಳಗೆ, ಹೊರಗೆ ಎಲ್ಲ ಸೇರಿಸಿದರೂ ಗರಿಷ್ಠ ಗುರುತ್ವ ಇರುವುದು ಅಲ್ಲೇ. ಪುಸ್ತಕದ ನೇರಗೆರೆ ಸೂತ್ರ ಅದೇ ಜಾಗಕ್ಕೆ 5.36 ಕೊಡುತ್ತದೆ. ಸರಿಯಾಗಿ ಅರ್ಧ! ಮೇಲ್ಮೈಯಲ್ಲಿ 60 ಕೆ.ಜಿ. ತೋರಿಸುವ ಸ್ಪ್ರಿಂಗ್ ತಕ್ಕಡಿಯ ಮೇಲೆ ಅಲ್ಲಿ ನಿಂತರೆ 65 ತೋರಿಸಬೇಕು. ಸೂತ್ರವನ್ನು ನಂಬಿದರೆ 33. (ನಿಂತರೆ ಅಂದೆ, ಗಮನಿಸಿ. ಬೀಳುತ್ತಿರುವವರಿಗೆ ದಾರಿಯುದ್ದಕ್ಕೂ ತಕ್ಕಡಿ ಸೊನ್ನೆಯೇ. ಕೇಂದ್ರ ಬಂದದ್ದು ಅವರಿಗೆ ಗೊತ್ತೂ ಆಗುವುದಿಲ್ಲ.)

ಕೆಳಗಿಳಿದಾಗ ಗುರುತ್ವ ಏರುತ್ತದೋ ಇಳಿಯುತ್ತದೋ ಅಂತ ನಿರ್ಧರಿಸಲು ಒಂದು ಸರಳ ನಿಯಮ ಇದೆ. ನೀವಿರುವ ಜಾಗದ ಬಂಡೆಯ ಸಾಂದ್ರತೆ, ನಿಮ್ಮ ಕೆಳಗಿರುವ ಗೋಳದ ಸರಾಸರಿ ಸಾಂದ್ರತೆಯ ಮೂರನೇ ಎರಡಕ್ಕಿಂತ ಕಡಿಮೆ ಇದ್ದರೆ ಗುರುತ್ವ ಏರುತ್ತದೆ, ಹೆಚ್ಚಿದ್ದರೆ ಇಳಿಯುತ್ತದೆ. 5.51ರ ಮೂರನೇ ಎರಡು 3.67. ತೊಗಟೆಯ ಬಂಡೆ ಎಲ್ಲೂ ಅಷ್ಟಿಲ್ಲ. ಆದ್ದರಿಂದ ಯಾವ ಆಳದ ಗಣಿಗೆ ಇಳಿದರೂ ಗುರುತ್ವ ಹೆಚ್ಚೇ ಆಗುತ್ತದೆ. ಇದನ್ನು 1854ರಲ್ಲೇ ಜಾರ್ಜ್ ಏರಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಅಳೆದಿದ್ದಾರೆ. ಸುಮಾರು 380 ಮೀಟರ್ ಕೆಳಗೆ ಇಟ್ಟ ಲೋಲಕ, ಮೇಲಿಟ್ಟ ಲೋಲಕಕ್ಕಿಂತ ದಿನಕ್ಕೆ ಎರಡು ಸೆಕೆಂಡಿಗೂ ಸ್ವಲ್ಪ ಹೆಚ್ಚು ಮುಂದೆ ಓಡಿತು. ಅದರಿಂದ ಅವರು ಕಟ್ಟಿದ ಭೂಮಿಯ ಸಾಂದ್ರತೆ 6.5ರ ಮೇಲೆ ಹೋಯಿತು, ಅಂದರೆ ಸಾಕಷ್ಟು ತಪ್ಪಿತು. ಆದರೂ ಗುರುತ್ವ ಯಾವ ದಿಕ್ಕಿಗೆ ಬದಲಾಗುತ್ತದೆ ಅನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ‘ಗಣಿಯೊಳಗೆ ತೂಕ ಕಡಿಮೆಯಾಗುತ್ತದೆ’ ಎಂದು ಇವತ್ತೂ ಪ್ರಶ್ನೆಪತ್ರಿಕೆಗಳಲ್ಲಿ ಸರಿ ಉತ್ತರವಾಗಿ ಅಂಕ ಸಿಗುತ್ತದೆ ಅನ್ನುವುದು ಬೇಸರದ ಸಂಗತಿ.

38 ಎಲ್ಲಿಂದ ಬಂತು? ಪೆನ್ಸಿಲ್ ಸಾಕು, ಮಾಡಿ ನೋಡಿ. ಭೂಮಿಯನ್ನು ಎರಡೇ ಭಾಗ ಮಾಡಿ: ತ್ರಿಜ್ಯ 6,371 ಕಿ.ಮೀ., ಅದರೊಳಗೆ 3,480 ಕಿ.ಮೀ. ತ್ರಿಜ್ಯದ ತಿರುಳು. ಮೇಲಿನ 2,891 ಕಿ.ಮೀ. ಉದ್ದಕ್ಕೂ ಗುರುತ್ವ 10 ಅಂತ ಹಿಡಿಯಿರಿ. ಬೀಳುವ ಸಮಯ 2 × 28,91,000 ÷ 10ರ ವರ್ಗಮೂಲ, ಅಂದರೆ 760 ಸೆಕೆಂಡ್. ತಿರುಳಿನ ಬಾಗಿಲಲ್ಲಿ ವೇಗ ಸೆಕೆಂಡಿಗೆ 7,604 ಮೀಟರ್. ತಿರುಳಿನ ಒಳಗೆ ಮಾತ್ರ ಪುಸ್ತಕದ ಸೂತ್ರ ಬಳಸಿ, ಯಾಕೆಂದರೆ ಅಲ್ಲಿ ಸಾಂದ್ರತೆ ಅಷ್ಟೊಂದು ಬದಲಾಗುವುದಿಲ್ಲ. 10.68 ÷ 34,80,000ರ ವರ್ಗಮೂಲ 0.00175, ಇದು ಕೋನೀಯ ಆವೃತ್ತಿ (ಆಂದೋಲನ ಎಷ್ಟು ಬೇಗ ಅನ್ನುವ ಅಳತೆ). ಬಾಗಿಲಿನ ವೇಗದ ವರ್ಗಕ್ಕೆ 10.68 × 34,80,000 ಕೂಡಿಸಿ ವರ್ಗಮೂಲ ತೆಗೆದರೆ ಕೇಂದ್ರದ ವೇಗ ಸುಮಾರು 9,750 ಮೀಟರ್. ಇದನ್ನು ಕೋನೀಯ ಆವೃತ್ತಿಯಿಂದ ಭಾಗಿಸಿದರೆ 5,563 ಕಿ.ಮೀ. 3,480 ÷ 5,563ರ ವಿಲೋಮ ಸೈನ್ 0.676 ರೇಡಿಯನ್, ಅದನ್ನು ಮತ್ತೆ ಕೋನೀಯ ಆವೃತ್ತಿಯಿಂದ ಭಾಗಿಸಿದರೆ 386 ಸೆಕೆಂಡ್. ಕೇಂದ್ರದವರೆಗೆ ಒಟ್ಟು 1,146 ಸೆಕೆಂಡ್, ಆಚೆ ಬದಿಗೆ 2,292 ಸೆಕೆಂಡ್. 38 ನಿಮಿಷ 12 ಸೆಕೆಂಡ್.

ಭೂಕಂಪದ ಅಲೆಗಳಿಂದ ಕಟ್ಟಿದ, 1981ರಲ್ಲಿ ಜೀವೊನ್ಸ್ಕಿ ಮತ್ತು ಆಂಡರ್ಸನ್ ಪ್ರಕಟಿಸಿದ ಸಾಂದ್ರತೆಯ ಮಾದರಿಯನ್ನು ಹಿಡಿದು ಅಲೆಕ್ಸಾಂಡರ್ ಕ್ಲೋಟ್ಸ್ 2015ರಲ್ಲಿ ಕೊಟ್ಟ ಉತ್ತರ 38 ನಿಮಿಷ 11 ಸೆಕೆಂಡ್. ಪೆನ್ಸಿಲ್ ಲೆಕ್ಕ ಒಂದು ಸೆಕೆಂಡಿನ ಅಂತರದಲ್ಲಿ ಕೂತದ್ದು ಸ್ವಲ್ಪ ಅದೃಷ್ಟ, ಹೆಮ್ಮೆಪಡಬೇಡಿ. ತಮಾಷೆ ಬೇರೆ ಇದೆ. ಕೇಂದ್ರದವರೆಗೂ ಗುರುತ್ವ ಬದಲಾಗುವುದೇ ಇಲ್ಲ, 9.81ರಲ್ಲೇ ಇರುತ್ತದೆ ಎಂಬ ಒರಟು ಊಹೆ ಹಿಡಿದರೂ 38 ನಿಮಿಷವೇ ಬರುತ್ತದೆ. ಒರಟು ಊಹೆ ಪುಸ್ತಕದ ಸೂತ್ರಕ್ಕಿಂತ ಸತ್ಯಕ್ಕೆ ಹತ್ತಿರ.

ಕಂಪ್ಯೂಟರಿನಲ್ಲಿ ಮಾಡುವವರು ಎಡವುವ ಜಾಗಗಳೂ ಇವೆ. ಉತ್ತರ 30 ನಿಮಿಷದ ಹತ್ತಿರ ಬಂದರೆ ನೀವು ಒಳಗಿನ ದ್ರವ್ಯರಾಶಿಯನ್ನು ಕಡಿಮೆ ಮಾಡುವುದನ್ನು ಮರೆತಿದ್ದೀರಿ, ಇಡೀ ಭೂಮಿಯನ್ನು ಕೇಂದ್ರದ ಒಂದೇ ಬಿಂದುವಿನಲ್ಲಿ ಇಟ್ಟಿದ್ದೀರಿ. ಕೇಂದ್ರದ ಹತ್ತಿರ ವೇಗ ಹುಚ್ಚೆದ್ದು ಹೋಗುವುದು ಇದರ ಗುರುತು. ಕಂಪ್ಯೂಟರ್ ಸಮಯವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಮಾಡಿ ಲೆಕ್ಕ ಹಾಕುತ್ತದೆ; ಕಲ್ಲು ಆಚೆ ಬದಿಯಲ್ಲಿ ಬಾಯಿಯಿಂದ ಮೇಲಕ್ಕೆ ಚಿಮ್ಮಿದರೆ ತಪ್ಪು ಆ ಹೆಜ್ಜೆಯ ಕ್ರಮದಲ್ಲಿದೆ. ಹಳೆಯ ವೇಗದಿಂದ ಸ್ಥಾನ ಬದಲಿಸಿ, ಹಳೆಯ ಸ್ಥಾನದ ಗುರುತ್ವದಿಂದಲೇ ವೇಗವನ್ನೂ ಬದಲಿಸಿದರೆ ಪ್ರತಿ ಹೆಜ್ಜೆಗೂ ಚೂರು ಶಕ್ತಿ ಸುಮ್ಮನೆ ಸೇರುತ್ತದೆ. ಒಂದು ಸೆಕೆಂಡಿನ ಹೆಜ್ಜೆಗೇ ಹತ್ತಿಪ್ಪತ್ತು ಕಿ.ಮೀ. ಮೇಲೆ ಹೋಗುತ್ತದೆ, ಹತ್ತು ಸೆಕೆಂಡಿನ ಹೆಜ್ಜೆಗೆ ನೂರು ಕಿ.ಮೀ. ದಾಟುತ್ತದೆ. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಸ್ಥಾನ ಬದಲಿಸಿ. ಇಷ್ಟು ಮಾಡಿದರೆ ರೋಗ ಹೋಗುತ್ತದೆ.

ಇಷ್ಟು ಹೊತ್ತು ಭೂಮಿ ತಿರುಗುತ್ತಿಲ್ಲ ಅಂತ ಸುಳ್ಳು ಹೇಳಿಕೊಂಡು ಬಂದೆವು. ಸಮಭಾಜಕದಲ್ಲಿ ನಿಂತ ಕಲ್ಲಿಗೆ ಬಿಡುವ ಮೊದಲೇ ಪೂರ್ವಕ್ಕೆ ಸೆಕೆಂಡಿಗೆ 465 ಮೀಟರ್ ವೇಗ ಇದೆ. ಕೆಳಗಿನ ಗೋಡೆಗೆ ಅಷ್ಟಿಲ್ಲ. ಹಾಗಾಗಿ ಕಲ್ಲು ಪೂರ್ವದ ಗೋಡೆಯ ಕಡೆ ವಾಲುತ್ತದೆ. ಒಂದು ಮೀಟರ್ ಅಗಲದ ಬಾವಿಯ ನಡುಮಧ್ಯದಿಂದ ಬಿಟ್ಟರೆ, ಗಾಳಿ ಇಲ್ಲದಿದ್ದರೂ, ಸುಮಾರು 13 ಸೆಕೆಂಡಿನಲ್ಲಿ, 800 ಮೀಟರ್ ಆಳದಲ್ಲಿ ಗೋಡೆಗೆ ಬಡಿಯುತ್ತದೆ. 12,742 ಕಿ.ಮೀ. ಪ್ರಯಾಣ ಅಲ್ಲಿಗೇ ಮುಗಿಯಿತು. ಇದು ಬರೀ ಕಾಗದದ ಮಾತಲ್ಲ. 1831ರಲ್ಲಿ ಫರ್ಡಿನಂಡ್ ರೈಖ್ ಜರ್ಮನಿಯ ಫ್ರೈಬರ್ಗ್‌ನ ಗಣಿಬಾವಿಯಲ್ಲಿ ಸುಮಾರು 158 ಮೀಟರ್ ಎತ್ತರದಿಂದ ಗುಂಡುಗಳನ್ನು ಬೀಳಿಸಿ ಸರಾಸರಿ 28 ಮಿಲಿಮೀಟರ್ ಪೂರ್ವಕ್ಕೆ ಸರಿದದ್ದನ್ನು ಅಳೆದರು.

ಗೋಡೆಯೇ ಇಲ್ಲ, ಕಲ್ಲು ಬಂಡೆಯ ಒಳಗೂ ತಡೆಯಿಲ್ಲದೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಆಗಲೂ ಸಮಭಾಜಕದಿಂದ ಬಿಟ್ಟ ಕಲ್ಲು ಕೇಂದ್ರವನ್ನು ಮುಟ್ಟುವುದಿಲ್ಲ. ಕೋನೀಯ ಸಂವೇಗ (ಕೇಂದ್ರದ ಸುತ್ತ ತಿರುಗುವ ಚಲನೆಯ ಪ್ರಮಾಣ) ಉಳಿಯಲೇಬೇಕು, ಆದ್ದರಿಂದ ಸುಮಾರು 300 ಕಿ.ಮೀ. ದೂರದಿಂದಲೇ ಅದನ್ನು ಬಳಸಿಕೊಂಡು ಹೋಗುತ್ತದೆ. 1679ರಲ್ಲಿ ಸ್ವತಃ ನ್ಯೂಟನ್ ರಾಬರ್ಟ್ ಹುಕ್‌ಗೆ ಬರೆದ ಪತ್ರದಲ್ಲಿ ಈ ದಾರಿಯನ್ನು ಕೇಂದ್ರಕ್ಕೆ ಸುತ್ತಿಕೊಂಡು ಇಳಿಯುವ ಸುರುಳಿಯಾಗಿ ಗೀಚಿದ್ದರು. ತಡೆಯಿಲ್ಲದಿದ್ದರೆ ಅದು ದೀರ್ಘವೃತ್ತದಂಥ ದಾರಿ, ಮತ್ತೆ ಮೇಲೆ ಬರುತ್ತದೆ ಅಂತ ಹುಕ್ ತಿದ್ದಿದರು. ಕೇಂದ್ರದಲ್ಲಿ ನಿಲ್ಲುತ್ತದೆ ಎನ್ನುವವರಿಗೆ ಒಳ್ಳೆಯ ಸಂಗಾತಿಯೇ ಇದ್ದಾರೆ.

ಗೋಡೆಗೆ ಬಡಿಯಬಾರದು ಅಂದರೆ ಧ್ರುವದಿಂದ ಧ್ರುವಕ್ಕೆ ಕೊರೆಯಬೇಕು. ಅಲ್ಲಿ ಇನ್ನೊಂದು ಪೇಚು. ಎರಡು ಬಾಯಿಗಳೂ ಒಂದೇ ಎತ್ತರದಲ್ಲಿ ಇರಬೇಕು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಉತ್ತರ ಧ್ರುವ ಸಮುದ್ರ. ದಕ್ಷಿಣ ಧ್ರುವ ಸಮುದ್ರಮಟ್ಟದಿಂದ 2,835 ಮೀಟರ್ ಮೇಲೆ, ಬಹುಪಾಲು ಹಿಮದ ದಪ್ಪ. ದಕ್ಷಿಣದಿಂದ ಬಿಟ್ಟ ಕಲ್ಲು ಉತ್ತರದ ಸಮುದ್ರಮಟ್ಟವನ್ನು ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿ ದಾಟಿ ಮೇಲಕ್ಕೆ ಹಾರುತ್ತದೆ. ಉತ್ತರದಿಂದ ಬಿಟ್ಟದ್ದು ದಕ್ಷಿಣದ ಹಿಮದ ಬುಡಕ್ಕೆ ಬಂದು, ಹೊರಗಿನ ಬೆಳಕು ಕಾಣುವ ಮೊದಲೇ ಹಿಂದಿರುಗುತ್ತದೆ.

ಗಾಳಿ ತೆಗೆಯದೆ ಇದ್ದರೆ ಇದ್ಯಾವುದೂ ಇಲ್ಲ. ಮನುಷ್ಯನ ಗಾತ್ರದ ವಸ್ತು ಮೇಲ್ಮೈಯ ಗಾಳಿಯಲ್ಲೇ ಸೆಕೆಂಡಿಗೆ 55 ಮೀಟರ್ ಆಸುಪಾಸಿಗೆ ಬಂದು ವೇಗ ಹೆಚ್ಚಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ. ಬಾವಿಯೊಳಗೆ ಪ್ರತಿ ಐದಾರು ಕಿ.ಮೀ.ಗೆ ಗಾಳಿಯ ಒತ್ತಡ ಇಮ್ಮಡಿಯಾಗುತ್ತದೆ. ಸಾಂದ್ರತೆ ನೂರು ಪಟ್ಟಾದ ಕಡೆ ಬೀಳುವ ವೇಗ ಹತ್ತನೇ ಒಂದಕ್ಕೆ ಇಳಿಯುತ್ತದೆ. ಇನ್ನೂ ಕೆಳಗೆ ಗಾಳಿ ನೀರಿನಷ್ಟು ದಟ್ಟವಾಗಿ, ಬಿದ್ದ ದೇಹ ಮುಳುಗದೆ ತೇಲುತ್ತದೆ. ಭೂಮಿಯ ಮೊದಲ ಕೆಲವೇ ಶೇಕಡಾ ಆಳ ದಾಟುವುದರೊಳಗೆ ಇದಾಗುತ್ತದೆ. ಕೊರೆಯುವ ಮಾತಂತೂ ಬೇಡ. ರಷ್ಯಾದ ಕೋಲಾ ಕೊಳವೆಬಾವಿ 1989ರಲ್ಲಿ 12,262 ಮೀಟರ್ ಮುಟ್ಟಿ ನಿಂತಿತು. ಅಲ್ಲಿ 180 ಡಿಗ್ರಿ ಬಿಸಿ. ಕೇಂದ್ರಕ್ಕಿರುವ ದೂರದ 0.2 ಶೇಕಡಾ.

ಕೊನೆಗೆ 42ಕ್ಕೂ ನ್ಯಾಯ ಒದಗಿಸಬೇಕು. ಕೇಂದ್ರದ ಮೂಲಕ ಹೋಗದೆ ಎರಡು ಊರುಗಳ ನಡುವೆ ನೇರಗೆರೆಯಲ್ಲಿ ಕೊರೆದ, ಆಳಕ್ಕಿಳಿಯದ ಸುರಂಗ ತೆಗೆದುಕೊಳ್ಳಿ. ಘರ್ಷಣೆ ಇಲ್ಲದೆ ಅದರಲ್ಲಿ ಜಾರಿದರೆ, ದೂರ ನೂರು ಕಿ.ಮೀ. ಇರಲಿ, ಐನೂರು ಇರಲಿ, ಸಮಯ 42 ನಿಮಿಷವೇ. ಅಲ್ಲಿ ತಿರುಳಿನ ಗೊಡವೆ ಇಲ್ಲ, ಮೇಲ್ಮೈಯ 9.81 ಮತ್ತು ಭೂಮಿಯ ತ್ರಿಜ್ಯ ಎರಡರಿಂದಲೇ ಉತ್ತರ ಬರುತ್ತದೆ. ಸುರಂಗ ಉದ್ದವಾಗಿ ಆಳಕ್ಕಿಳಿದಂತೆ ಸಮಯ 42ರಿಂದ ಕರಗುತ್ತಾ, ಕೇಂದ್ರದ ಮೂಲಕ ಹಾದಾಗ 38ಕ್ಕೆ ಬಂದು ನಿಲ್ಲುತ್ತದೆ. ಒಂದೇ ಸಾಂದ್ರತೆಯ ಗೋಳದಲ್ಲಿ ಎಲ್ಲ ಸುರಂಗಕ್ಕೂ ಒಂದೇ ಸಮಯ. ನಿಜವಾದ ಭೂಮಿಯಲ್ಲಿ ಅತಿ ಉದ್ದದ ದಾರಿಯೇ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ.