ಬಾಗಿಲು ಮುಚ್ಚಿದ ಕೋಣೆಯ ಮೈಲೇಜು

ಮಾರುತಿ ಸೆಲೆರಿಯೊದ ಒಂದು ಮಾದರಿಗೆ ಸರ್ಕಾರಿ ಮೊಹರು ಬಿದ್ದ ಮೈಲೇಜು ಲೀಟರಿಗೆ 26.68 ಕಿ.ಮೀ. ಬರೀ 26 ಅಂದಿದ್ದರೆ ನಾವು ಚೌಕಾಸಿಗೆ ಇಳಿಯುತ್ತಿದ್ದೆವು. ಆ .68 ಬಂತು ನೋಡಿ, ಬಾಯಿ ಮುಚ್ಚಿತು. ಕೊನೆಯ 680 ಮೀಟರಿಗೂ ಲೆಕ್ಕ ಇಟ್ಟವರು ಹಿಂದಿನ 26 ಕಿಲೋಮೀಟರನ್ನು ತಪ್ಪಿಯಾರೇ? ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದೇ 680 ಮೀಟರ್ ದಾಟುವಷ್ಟರಲ್ಲಿ ಪೆಟ್ರೋಲಿನ ಗತಿ ಏನಾಗುತ್ತದೆ ಅನ್ನುವುದು ಬೇರೆ ಮಾತು.

ಈ ಅಂಕಿ ಹುಟ್ಟುವ ಜಾಗವನ್ನೊಮ್ಮೆ ಕಲ್ಪಿಸಿಕೊಳ್ಳಿ. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಕದಲುವುದಿಲ್ಲ. (ಬೆಂಗಳೂರಿನಲ್ಲಿ ಚಕ್ರವೂ ತಿರುಗುವುದಿಲ್ಲ, ಅಷ್ಟೇ ವ್ಯತ್ಯಾಸ.) ಒಳಗೆ 20ರಿಂದ 30 ಡಿಗ್ರಿಯ ಹಿತವಾದ ಹವೆ, ಮುಂದೊಂದು ಫ್ಯಾನು, ಎಸಿ ಬಂದ್. ಹಂಪಿಲ್ಲ, ಗುಂಡಿಯಿಲ್ಲ, ರಾಂಗ್ ಸೈಡಿನಲ್ಲಿ ನುಗ್ಗುವ ಬೈಕಿಲ್ಲ. ಪರೀಕ್ಷೆ 1,180 ಸೆಕೆಂಡಿನದು, ದೂರ ಸುಮಾರು 11 ಕಿ.ಮೀ., ವೇಗ 90 ದಾಟುವಂತಿಲ್ಲ. ಎಷ್ಟು ಪೆಟ್ರೋಲ್ ಕುಡಿಯಿತೆಂದು ಟ್ಯಾಂಕ್ ಇಣುಕಿ ನೋಡುವುದೂ ಇಲ್ಲ. ಹೊಗೆಯನ್ನು ಹಿಡಿದು, ಅದರಲ್ಲಿರುವ ಇಂಗಾಲದಿಂದ ಲೆಕ್ಕ ತೆಗೆಯುತ್ತಾರೆ. ಇದರಲ್ಲಿ ಮೋಸವೇನಿಲ್ಲ. ಎಲ್ಲ ಕಾರುಗಳಿಗೂ ಒಂದೇ ತಕ್ಕಡಿ ಇರಲಿ ಎಂದು ಮಾಡಿದ ಏರ್ಪಾಡು ಅದು. ಆ ತಕ್ಕಡಿಯಲ್ಲಿ ಕಂಡ ಅಂಕಿಯನ್ನು ಜಾಹೀರಾತಿನಲ್ಲಿ ಗಜಗಾತ್ರ ಮಾಡಿ, 'ಪ್ರಯೋಗಾಲಯದ ಸ್ಥಿತಿಯಲ್ಲಿ' ಅನ್ನುವುದನ್ನು ಇರುವೆ ಗಾತ್ರಕ್ಕೆ ಇಳಿಸಿದಲ್ಲಿ ತಮಾಷೆ ಶುರು.

ಅಲ್ಲಿಗೆ 20 ನಿಮಿಷದೊಳಗೆ 11 ಕಿಲೋಮೀಟರ್ ಆಯಿತು. ಟಾಮ್‌ಟಾಮ್ ಕಂಪನಿಯ 2024ರ ಟ್ರಾಫಿಕ್ ಪಟ್ಟಿಯಲ್ಲಿ ಬೆಂಗಳೂರಿನ 10 ಕಿಲೋಮೀಟರಿಗೆ ಸರಾಸರಿ 34 ನಿಮಿಷ. ಪುಣೆಗೆ 33! ಪ್ರಯೋಗಾಲಯದವರೇ ಸಂಜೆ ಗೇಟು ದಾಟಿ ಮನೆಗೆ ಹೊರಟರೂ, ಬೆಳಿಗ್ಗೆ ತಾವೇ ಬರೆದ ಅಂಕಿ ಅವರ ಕೈಗೂ ಸಿಗಲಿಕ್ಕಿಲ್ಲ.

ಮೈಲೇಜು ಬರುತ್ತಿಲ್ಲ ಎಂದು ಯಾವುದೇ ಸರ್ವಿಸ್ ಸೆಂಟರಿನಲ್ಲಿ ಹೇಳಿ ನೋಡಿ. "ಡ್ರೈವಿಂಗ್ ಸ್ಟೈಲ್ ಮೇಲೆ ಹೋಗುತ್ತೆ ಸಾರ್." ಅಲ್ಲಿಗೆ ಆರೋಪಿ ನೀವೇ.

ಹಾಗಂತ ಸುಳ್ಳೆಲ್ಲ ಕಂಪನಿಗಳದ್ದೇ ಅಂದುಕೊಳ್ಳಬೇಡಿ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ "ಎಷ್ಟು ಕೊಡುತ್ತೆ ಭಾವ?" ಎಂದು ಕೇಳಿ. ಊರೊಳಗೆ ಹನ್ನೆರಡಕ್ಕೆ ಏದುಸಿರು ಬಿಡುವ ಗಾಡಿಯ ಒಡೆಯ, "ಹೈವೇಲಿ ಇಪ್ಪತ್ತೆರಡಕ್ಕೆ ಮೋಸ ಇಲ್ಲ" ಅನ್ನುತ್ತಾರೆ. ಆ ಹೈವೇ ಅಂದರೆ ಶಿರಾಡಿ ಘಾಟಿ, ಅದೂ ಇಳಿಯುವಾಗ. ಹತ್ತಿದ ಲೆಕ್ಕ ಯಾರೂ ಇಟ್ಟಿರುವುದಿಲ್ಲ.

ಇದರ ಮೇಲೆ ಈಗ ಪೆಟ್ರೋಲಿಗೆ ಶೇ 20 ಎಥೆನಾಲ್. ಇ10ಕ್ಕೆ, ಅಂದರೆ ಶೇ 10 ಎಥೆನಾಲ್ ಬೆರೆತ ಪೆಟ್ರೋಲಿಗೆ, ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಇಳಿಸುವುದಾದರೂ ಯಾವುದರಿಂದ? ಕಂಪನಿ ಹೇಳಿದ ಅಂಕಿಯಿಂದ ಅಂದರೆ, ಅದು ನಮ್ಮ ಕೈಗೆ ಬಂದೇ ಇರಲಿಲ್ಲ. ಭಾವನವರ ಇಪ್ಪತ್ತೆರಡರಿಂದ ಕಳೆಯೋಣವೆಂದರೆ ಅವರು ಬಿಲ್‌ಕುಲ್ ಒಪ್ಪುವುದಿಲ್ಲ.

"ನಮ್ ಗಾಡೀಲಿ ಏನೂ ಫರಕ್ ಕಾಣ್ಲಿಲ್ಲಪ್ಪ. ಈಗ್ಲೂ ಇಪ್ಪತ್ತೆರಡೇ."