ಸ್ಪಷ್ಟನೆ: ಹಳೆ ಫೋರ್ಡ್ 8ಎನ್‌ಗೆ ದುಬಾರಿ ಪೆಟ್ರೋಲ್ ಬೇಕಿಲ್ಲ
"ಹಳೆ ಪೆಟ್ರೋಲ್ ಟ್ರಾಕ್ಟರಿಗೆ ಪ್ರೀಮಿಯಂ ಪೆಟ್ರೋಲೇ ಹಾಕಬೇಕು, ಡಿಟರ್ಜೆಂಟ್ ಇರುವ ಈಗಿನ ಆಯಿಲ್ ಹಾಕಿದರೆ ಎಂಜಿನ್ ಹಾಳು" ಎಂಬ ಸಂದೇಶ ಓಡಾಡುತ್ತಿದೆ. ಜೊತೆಗೆ ಅಮೆರಿಕದ ಫೋರ್ಡ್ 8ಎನ್ ಟ್ರಾಕ್ಟರಿನ ಚಿತ್ರ. ಡೀಸೆಲ್ ಟ್ರಾಕ್ಟರನ್ನೇ ನೋಡಿ ಬೆಳೆದ ನಮಗೆ ಇದು ನಿಜ ಅನಿಸಬಹುದು. ಆದರೆ ಎರಡೂ ಮಾತು ತಪ್ಪು.

8ಎನ್ ತಯಾರಾಗಿದ್ದು 1947ರಿಂದ 1952ರವರೆಗೆ. ಆಗಿನ ಪೆಟ್ರೋಲಿನ ಆಕ್ಟೇನ್ (ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗೇ ಹೊತ್ತಿಕೊಂಡು ಎಂಜಿನ್ ಟಕಟಕ ಬಡಿಯುವುದನ್ನು ತಡೆಯುವ ಗುಣ) ಕಡಿಮೆ, ಎಂಜಿನ್ನಿನ ಕಂಪ್ರೆಷನ್ನೂ (ಸಿಲಿಂಡರಿನಲ್ಲಿ ಪೆಟ್ರೋಲ್-ಗಾಳಿಯನ್ನು ಒತ್ತುವ ಪ್ರಮಾಣ) ಕಡಿಮೆ. ಅಲ್ಲಿನ ಮಾಮೂಲಿ 87 ಆಕ್ಟೇನ್ ಧಾರಾಳ ಸಾಕು. (ಲೆಕ್ಕ ಹಾಕುವ ರೀತಿ ಬೇರೆ, ಅದು ನಮ್ಮ ಲೆಕ್ಕದ 91ಕ್ಕೆ ಹೆಚ್ಚುಕಡಿಮೆ ಸಮ.) ಆಕ್ಟೇನ್ ಜಾಸ್ತಿ ಆದರೆ ಶಕ್ತಿ ಜಾಸ್ತಿ ಆಗುವುದಿಲ್ಲ. ಅದು ನಾಕಿಂಗ್ ತಡೆಯುತ್ತದೆ ಅಷ್ಟೇ. ಸುಮ್ನೆ ದುಡ್ಡು ದಂಡ.

ನಿಜವಾಗಿ ಗಮನಿಸಬೇಕಾದದ್ದು ಪೆಟ್ರೋಲಿಗೆ ಬೆರೆಸುವ ಎಥನಾಲ್. ಅದು ತೇವ ಎಳೆದುಕೊಳ್ಳುತ್ತದೆ, ಹಳೆ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ. ಇಂಥ ಟ್ರಾಕ್ಟರ್ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ನಿಂತಿರುತ್ತದೆ ಅಲ್ವಾ? ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಇಲ್ಲದಿದ್ದರೆ ನಿಲ್ಲಿಸುವ ಮೊದಲು ಟ್ಯಾಂಕು, ಕಾರ್ಬ್ಯುರೇಟರ್ ಖಾಲಿ ಮಾಡಿ.

ಆಯಿಲ್ ವಿಷಯದಲ್ಲಿ ಹೆದರಿಕೆಗೆ ಸಣ್ಣ ಕಾರಣವಿದೆ. ಡಿಟರ್ಜೆಂಟ್ ಅಂದರೆ ಆಯಿಲಿಗೆ ಬೆರೆಸಿದ, ಎಂಜಿನ್ ಶುಚಿ ಮಾಡುವ ವಸ್ತು. ಅದು ಕೊಳೆಯನ್ನು ಕೆಳಗೆ ಕೂರಲು ಬಿಡದೆ ಎಣ್ಣೆಯಲ್ಲೇ ತೇಲಿಸುತ್ತದೆ. ಫಿಲ್ಟರ್ ಅದನ್ನು ಹಿಡಿಯಬೇಕು. 8ಎನ್‌ಗೆ ಫಿಲ್ಟರ್ ಇದೆ. ವರ್ಷಗಟ್ಟಲೆ ಕೆಸರು ಕಟ್ಟಿದ್ದರೆ ಸಂಪ್ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಬಿಚ್ಚಿ ತೊಳೆಯಿರಿ, ಮೊದಲ ಸಲ ಆಯಿಲ್ ಬೇಗ ಬದಲಿಸಿ. ಆಮೇಲೆ ಒಳ್ಳೆಯ 10ಡಬ್ಲ್ಯೂ-30 ದರ್ಜೆಯ ಆಯಿಲ್ ಸಾಕು.