528 ಕಟ್ಟಿಕೊಂಡ ಮೊಣಕಾಲು

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಮೊನ್ನೆ ಮೊಣಕಾಲಿಗೆ ಮೊಬೈಲ್ ಕಟ್ಟಿಕೊಂಡು ಕೂತಿದ್ದರು. ಹಳೇ ಟವೆಲ್ಲು, ಅದರೊಳಗೆ ಫೋನು, ಫೋನಿನಿಂದ ಒಂದೇ ಸಮ ‘ಕೂಂ’ ಎನ್ನುವ ಸದ್ದು. ಹಿಂದೆ ಲ್ಯಾಂಡ್‌ಲೈನ್ ಎತ್ತಿದ ಕೂಡಲೇ ಬರುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ.

“ಏನ್ರೀ ಕಾಕಾ ಇದು?”

“528 ಹರ್ಟ್ಜ್. ಡಿಎನ್‌ಎ ರಿಪೇರಿ ನಡದೈತಿ. ಮಾತಾಡಸಬ್ಯಾಡ.”

ಮೊಣಕಾಲಿಗೆ ಕಿವಿ ಎಲ್ಲಿದೆ ಅಂತ ಕೇಳುವಷ್ಟರಲ್ಲಿ ಕಾಕು ಚಹಾ ತಂದರು. ನಾನು ಸುಮ್ಮನಾದೆ.

ಇದೆಲ್ಲ ಶುರುವಾಗಿದ್ದು ಭಾನುವಾರದ ಒಂದು ‘ನಾದ ಚಿಕಿತ್ಸೆ’ ಶಿಬಿರದಿಂದ. ನಾನೂ ಹೋಗಿದ್ದೆ, ದುಡ್ಡು ಕೊಟ್ಟು. ಚಾಪೆ ನಾವೇ ಒಯ್ಯಬೇಕು, ಕಂಪನ ಅವರದು. ಗುರುಗಳು ಹೊಟ್ಟೆಯ ಮೇಲೆ ಕಂಚಿನ ಬಟ್ಟಲು ಇಟ್ಟು ಬಾರಿಸಿದರು. “528 ಹರ್ಟ್ಜ್ ನಾದ ಡಿಎನ್‌ಎ ರಿಪೇರಿ ಮಾಡುತ್ತದೆ, ಇದು ಸಾವಿರ ವರ್ಷ ಹಿಂದಿನ ಸನ್ಯಾಸಿಗಳ ಗುಟ್ಟು” ಎಂದರು.

ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಆ ಹೆಸರಿನ ವಿಜ್ಞಾನಿ ಹುಟ್ಟಿದ್ದೇ 1857ರಲ್ಲಿ. ಸೆಕೆಂಡು ಅಳೆಯುವ ಗಡಿಯಾರ ಇಲ್ಲದ ಸನ್ಯಾಸಿಗಳು 528 ಎಣಿಸಿದ್ದು ಬೆರಳಿನಲ್ಲೋ ಏನೋ! ನಿಜ ಹೇಳಬೇಕೆಂದರೆ, 1970ರ ದಶಕದಲ್ಲಿ ಅಮೆರಿಕದ ಜೋಸೆಫ್ ಪುಲಿಯೊ ಎಂಬುವರು ಬೈಬಲ್‌ನ ಒಂದು ಅಧ್ಯಾಯದ ವಚನ ಸಂಖ್ಯೆಗಳನ್ನು ಕೂಡಿಸಿ ಹೊರಡಿಸಿದ ಅಂಕಿಗಳಿವು. ನಮ್ಮ ಕಡೆ ಓಸಿ ನಂಬರ್ ತೆಗೆಯುವವರೂ ಹೀಗೇ ತೆಗೆಯುತ್ತಾರೆ, ಪಾಪ, ಅವರನ್ನು ಯಾರೂ ಗುರು ಅನ್ನುವುದಿಲ್ಲ.

ಪುರಾವೆ ಇಲ್ಲವೇ? ಇದೆ. 2018ರಲ್ಲಿ ಜಪಾನಿನಲ್ಲಿ 528ರ ಸಂಗೀತ ಕೇಳಿಸಿ ಒತ್ತಡದ ಹಾರ್ಮೋನು ಅಳೆದರು. ಕಡಿಮೆಯಾಗಿತ್ತು. ಕೇಳಿದವರು ಒಂಬತ್ತು ಜನ. ನಮ್ಮ ಓಣಿಯ ಗಣಪತಿ ಆರತಿಗೆ ಪ್ರಸಾದ ಮುಗಿದ ಮೇಲೂ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಆಪರೇಶನ್‌ಗೆ ಮೊದಲು ಹಾಡು ಕೇಳಿದರೆ ರೋಗಿಯ ಆತಂಕ ಇಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಅಧ್ಯಯನಗಳಿವೆ. ಆದರೆ ಅದು ಹಾಡಿನ ಗುಣ. ಹಾಡು ಪುಕ್ಕಟೆ ಸಿಗುತ್ತದೆ, ನಂಬರ್‌ಗೆ ಮಾತ್ರ ಫೀ.

ಹಾರ್ಮೋನಿಯಂನಲ್ಲಿ ‘ಬಿಳಿ ಒಂದು’, ಅಂದರೆ ಮೊದಲ ಬಿಳಿ ಮನೆಯನ್ನು ಸಾ ಮಾಡಿಕೊಂಡರೆ, ಮೇಲಿನ ಸಾ ಸುಮಾರು 523 ಹರ್ಟ್ಜ್. ಅಂದರೆ ಇಷ್ಟು ವರ್ಷ ಭಜನೆ ಮಂಡಳಿಯವರು ಬರೀ ಐದರಿಂದ ತಪ್ಪಿಸಿಕೊಂಡರು, ಅಲ್ವಾ? ಹಿಂದೂಸ್ತಾನಿಯವರಂತೂ ತಮ್ಮ ಕಂಠಕ್ಕೆ ಎಲ್ಲಿ ಹೊಂದುತ್ತದೋ ಅಲ್ಲೇ ಷಡ್ಜ, ಅಂದರೆ ಸಾ, ಹಿಡಿಯುತ್ತಾರೆ. ಒಬ್ಬರದು ಕರಿ ಎರಡು, ಇನ್ನೊಬ್ಬರದು ಬಿಳಿ ನಾಲ್ಕು. ಯಾರ ಡಿಎನ್‌ಎ ಏನಾಯಿತೋ ದೇವರೇ ಬಲ್ಲ.

ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಗಂಟಲಲ್ಲಿ ಇಲ್ಲದ ಸ್ವರ ಯಾವುದು? ಅವರಿಗೇ ಕ್ಷಯ ಬಡಿಯಿತು. ಹಾಡಬೇಡಿ ಎಂದರು ವೈದ್ಯರು. ವರ್ಷಗಟ್ಟಲೆ ಹಾಸಿಗೆ ಹಿಡಿದರು. ಕೊನೆಗೆ ಉಳಿಸಿದ್ದು ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ. ಒಂದು ಶ್ವಾಸಕೋಶ ಹೋಗಿತ್ತು, ಉಳಿದ ಒಂದರಲ್ಲೇ 1953ರಲ್ಲಿ ಮತ್ತೆ ವೇದಿಕೆ ಹತ್ತಿದರು. ಇದನ್ನು ಶಿಬಿರದಲ್ಲಿ ಹೇಳಿದೆ. ಗುರುಗಳು ಕಣ್ಣು ಮುಚ್ಚಿ, “ಅವರಿಗೆ ಸರಿಯಾದ ಫ್ರೀಕ್ವೆನ್ಸಿ ಸಿಕ್ಕಿರಲಿಲ್ಲ” ಎಂದರು.

ನಿನ್ನೆ ಸಂಜೆ ಮತ್ತೆ ಕಾಕಾ ಸಿಕ್ಕರು. ಟವೆಲ್ ಇರಲಿಲ್ಲ.

“ಮೊಣಕಾಲು ಹೆಂಗೈತ್ರಿ?”

“ಹಂಗ ಐತಿ. ಫೋನ್ ಬಿಸಿ ಆಗಿತ್ತಲ್ಲ, ಶೇಕ ಕೊಟ್ಟಂಗ ಆಗಿ ಸ್ವಲ್ಪ ಹಿತ ಅನಸ್ತು.”

ಓಣಿಯ ಮೂಲೆಯ ಟ್ರಾನ್ಸ್‌ಫಾರ್ಮರ್ ಹಗಲು ರಾತ್ರಿ 100 ಹರ್ಟ್ಜ್‌ನಲ್ಲಿ ಗುಂಯ್‌ಗುಡುತ್ತದೆ, ಅದರ ಕೆಳಗೆ ಚಾಪೆ ಹಾಸೋಣವೇ ಎಂದೆ. ಕಾಕಾ ಅತ್ತ ನೋಡಿ ಒಂದು ಕ್ಷಣ ಗಂಭೀರವಾಗಿ ಯೋಚಿಸಿದರು.

“ಎಷ್ಟ್ ತಗೋತಾರಂತ?”